ಲಾಂಛನ ಆಮೇಲೆ, ಮೊದಲು ತಟ್ಟೆ ಮಗುಚಿ

ಹಳೆ ಪಿಂಗಾಣಿ ತಟ್ಟೆ ಹಿಡಿದು ಬರುವವರೆಲ್ಲ ಮೊದಲು ಬೆರಳಿಡುವುದು ನಡುವಿನ ಲಾಂಛನದ ಮೇಲೆ. "ಇದು ಯಾವ ಮನೆತನದ್ದು? ಎಷ್ಟು ಬಾಳುತ್ತೆ?" ನಾನು ಸುಮ್ನೆ ತಟ್ಟೆ ಮಗುಚಿ ಹಾಕುತ್ತೇನೆ. ಅವರಿಗೆ ಸ್ವಲ್ಪ ಬೇಜಾರಾಗುತ್ತದೆ.

18ನೇ ಶತಮಾನದಲ್ಲಿ ಯುರೋಪಿನ ಶ್ರೀಮಂತರು ತಮ್ಮ ಮನೆತನದ ಲಾಂಛನ ಹಾಕಿಸಿ ಚೀನಾದಿಂದ ಊಟದ ಸೆಟ್ ತರಿಸುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದದ್ದು ಅಲ್ಲಿನ ಪಿಂಗಾಣಿಯ ಊರಾದ ಜಿಂಗ್‌ಡೆಝೆನ್‌ನಲ್ಲಿ. ನೀಲಿಯಾದರೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಬಳಿಯುವ ಮೊದಲೇ ಬರೆದು ಸುಡಬಹುದು. ಗುಲಾಬಿ, ಚಿನ್ನದಂಥ ಬಣ್ಣ ಅಷ್ಟು ಬೆಂಕಿ ತಡೆಯುವುದಿಲ್ಲ. ಅವನ್ನು ಗ್ಲೇಜ್ ಮೇಲೆ ಬರೆದು, ಸಣ್ಣ ಗೂಡಿನಲ್ಲಿ ಹದವಾದ ಬಿಸಿಗೆ ಮತ್ತೊಮ್ಮೆ ಸುಡಬೇಕು. ಶತಮಾನದ ನಡುವಿನ ಹೊತ್ತಿಗೆ ಈ ಕೆಲಸ ಹೆಚ್ಚಾಗಿ ಬಂದರಿನ ಊರಾದ ಕ್ಯಾಂಟನ್‌ನಲ್ಲೇ ಆಗುತ್ತಿತ್ತು. ಅಂದರೆ ಬಣ್ಣದ ಲಾಂಛನ ಬರುವುದು ಕಟ್ಟಕಡೆಗೆ. ಕಡೆಗೆ ಬರುವುದನ್ನು ನೂರು ವರ್ಷ ಬಿಟ್ಟೂ ಸೇರಿಸಬಹುದು, ಅಲ್ವಾ?

ಲಾಂಛನದ ಮಾದರಿ ಚೀನಾಕ್ಕೆ ಹೋಗುತ್ತಿದ್ದ ರೀತಿಯೇ ಒಂದು ಮಜಾ. ಇಂಗ್ಲೆಂಡಿನ ಲೀಕ್ ಓಕೋವರ್ ಎಂಬ ಶ್ರೀಮಂತ 1740ರ ಸುಮಾರಿಗೆ ಕಳಿಸಿದ ಬಣ್ಣದ ಚಿತ್ರ ಈಗಲೂ ಉಳಿದಿದೆ. ಮಾದರಿಯನ್ನು ವಾಪಸ್ ಕಳಿಸಬೇಕು ಅಂತ ಅದರ ಹಿಂದೆ ಬರೆದಿದೆ. ಎಲ್ಲರೂ ಇಷ್ಟು ಖರ್ಚು ಮಾಡುತ್ತಿರಲಿಲ್ಲ. ಪುಸ್ತಕದೊಳಗೆ ಅಂಟಿಸುವ, ಲಾಂಛನವಿರುವ ಹೆಸರುಚೀಟಿ ಕಳಿಸಿದವರು ಬಹಳ. ಅದು ಕಪ್ಪು-ಬಿಳುಪಿನ ಅಚ್ಚು. ಅದರಲ್ಲಿ ಚುಕ್ಕೆ ಅಂದರೆ ಚಿನ್ನ, ನೆಟ್ಟಗೆರೆ ಅಂದರೆ ಕೆಂಪು, ಅಡ್ಡಗೆರೆ ಅಂದರೆ ನೀಲಿ. ಕ್ಯಾಂಟನ್ನಿನ ಕುಶಲಕರ್ಮಿಗೆ ಇದನ್ನು ಹೇಳಿದವರು ಯಾರು? ಆ ಗೆರೆಗಳನ್ನೂ ಹಾಗ್ಹಾಗೇ ಬಿಡಿಸಿದ ತಟ್ಟೆಗಳಿವೆ. ನನ್ನ ಕಣ್ಣಿಗೆ ಅದು ತಪ್ಪಲ್ಲ. ಕಂಡದ್ದನ್ನು ಇಷ್ಟು ನಿಯತ್ತಾಗಿ ಬರೆಯುವವರು ಜಾಸ್ತಿ ಸಿಗುವುದಿಲ್ಲ.

ಮಗುಚಿದ ತಟ್ಟೆಗೆ ಬರೋಣ. ತಳದ ಸುತ್ತಿನ ಅಂಚಿಗೆ ಗ್ಲೇಜ್ ಇರುವುದಿಲ್ಲ. ಅಲ್ಲಿ ಬೆರಳಾಡಿಸಿ. ಚೀನಾದ ತಟ್ಟೆಯಾದರೆ ಎಷ್ಟೋ ಸಲ ಗ್ಲೇಜ್ ಮುಗಿಯುವ ಕಡೆ ತುಕ್ಕಿನಂಥ ಕಿತ್ತಳೆ ಗೆರೆ ಕಾಣುತ್ತದೆ. ಇಂಥ ಸೆಟ್‌ಗಳ ಹಿಂದೆ ಮುದ್ರೆ ಇರುವುದು ಅಪರೂಪ. ಚೀನೀ ಅಕ್ಷರದ ಹಾಗೆ ಕಾಣುವ ಕೆಂಪು ಮುದ್ರೆ ಇದ್ದರೆ ನನಗೆ ಮೊದಲು ನೆನಪಾಗುವುದು ಪ್ಯಾರಿಸಿನ ಸ್ಯಾಮ್ಸನ್ ಕಂಪನಿ. 1845ರಲ್ಲಿ ಶುರುವಾದ ಅವರು ಇಂಥ ತಟ್ಟೆಗಳ ನಕಲು ಮಾಡುವುದರಲ್ಲಿ ಪಳಗಿದವರು.

ತಳ ಸರಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಮ್ಮೆ ಒಂದು ತಟ್ಟೆ ಬಂತು. ಅಂಚು, ತೂಕ, ಗ್ಲೇಜ್ ಎಲ್ಲ ಚೀನಾದ್ದೇ. ನಡುವೆ ಚಿನ್ನದ ಸಿಂಹ. ಹೌದು ಅಂದುಬಿಡುವವನಿದ್ದೆ. ಯಾಕೋ ಕಿಟಕಿ ಹತ್ತಿರ ಒಯ್ದು, ಓರೆ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟೆ. ತಟ್ಟೆ ತುಂಬ ಊಟದ ಚಾಕುವಿನ ಸಣ್ಣ ಸಣ್ಣ ಗೀರು. ಹಳೇ ತಟ್ಟೆಗೆ ಅದು ಸಹಜ. ಒಂದು ಗೀರು ಸಿಂಹದ ಬಾಲದ ತನಕ ಬಂದು, ಬಣ್ಣದ ಅಡಿಗೆ ನುಗ್ಗಿ, ಆಚೆ ಕಡೆ ಎದ್ದಿತ್ತು. ಬಾಲದ ಮೇಲೆ ಮಾತ್ರ ಒಂದು ಗೆರೆಯೂ ಇಲ್ಲ.

ಆ ತಟ್ಟೆಯಲ್ಲಿ ಯಾರೋ ವರ್ಷಗಟ್ಟಲೆ ಊಟ ಮಾಡಿದ್ದಾರೆ. ಸಿಂಹ ಬಂದದ್ದು ಊಟವೆಲ್ಲ ಮುಗಿದ ಮೇಲೆ.