ಫಸ್ಟ್ ಎಶಲಾನ್ ಮೇಂಟೆನೆನ್ಸ್ ಅಂದರೇನು?

ಗಾಡಿ ಓಡಿಸುವವನೇ ತನ್ನ ಗಾಡಿಗೆ ದಿನಾ ಮಾಡಬೇಕಾದ ಆರೈಕೆ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಗಾಡಿಗಳ ದುರಸ್ತಿಯನ್ನು ಐದು ಹಂತಗಳಾಗಿ ಹಂಚಿತ್ತು. ಅದರಲ್ಲಿ ಮೊದಲನೆಯದು ಇದು.

ಯಾವ ಹಂತದವರು ಎಷ್ಟು ಕೆಲಸ ಮಾಡಬಹುದು ಅನ್ನೋದು ಅವರಿಗೆ ಕೊಟ್ಟ ಟೂಲ್ಸ್ ನೋಡಿದರೇ ಗೊತ್ತಾಗುತ್ತದೆ. ವಿಲ್ಲಿಸ್ ಜೀಪನ್ನೇ ತಗೊಳ್ಳಿ. ಹಿಂದಿನ ಚಕ್ರಗಳ ಮೇಲೆ ಎರಡೂ ಕಡೆ ಮುಚ್ಚಳವಿರುವ ಸಣ್ಣ ಟೂಲ್ ಬಾಕ್ಸ್. ಡ್ರೈವರ್‌ಗೆ ಸಿಗುತ್ತಿದ್ದದ್ದು ಕೆಲವು ಸ್ಪ್ಯಾನರ್, ಇಕ್ಕಳ, ಸುತ್ತಿಗೆ, ಸ್ಕ್ರೂಡ್ರೈವರ್, ಪ್ಲಗ್ ಬಿಚ್ಚುವ ಸ್ಪ್ಯಾನರ್, ಜಾಕ್, ಗಾಳಿ ಹೊಡೆಯುವ ಪಂಪ್, ಜೊತೆಗೆ ಒಂದು ಗ್ರೀಸ್ ಗನ್. ಹೊರಗೆ ಎಡಗಡೆ ಕೊಡಲಿ, ಸಲಿಕೆ. ಕೆಸರಲ್ಲಿ ಹೂತರೆ ಅವೇ ಗತಿ. ಇಷ್ಟು ಇಟ್ಟುಕೊಂಡು ಗೇರ್ ಬಾಕ್ಸ್ ಬಿಚ್ಚೋಕಾಗಲ್ಲ, ಬಿಚ್ಚುವ ಹಾಗೂ ಇರಲಿಲ್ಲ.

ಆದರೆ ಡ್ರೈವರ್‌ನ ದೊಡ್ಡ ಸಲಕರಣೆ ಅವನ ಕೈ. ಹೊರಡುವ ಮುಂಚೆ, ಓಡಿಸುವಾಗ, ನಿಲ್ಲಿಸಿದಾಗ, ಕೆಲಸ ಮುಗಿದ ಮೇಲೆ, ಹೀಗೆ ನಾಲ್ಕು ಸಲ ತಪಾಸಣೆ ಮಾಡಬೇಕಿತ್ತು. ನಿಲ್ಲಿಸಿದಾಗ ಒಂದೊಂದೇ ಚಕ್ರದ ನಡುವಿನ ಹಬ್, ಬ್ರೇಕ್ ಡ್ರಮ್ ಎರಡನ್ನೂ ಮುಟ್ಟಿ ನೋಡಬೇಕು. ಕೈ ಇಡೋಕಾಗದಷ್ಟು ಸುಡುತ್ತಿದ್ದರೆ ಬೇರಿಂಗಿಗೆ ಗ್ರೀಸ್ ಸಾಲದೆ ಇರಬಹುದು, ಇಲ್ಲಾ ಬ್ರೇಕ್ ಹಿಡಿದುಕೊಂಡಿರಬಹುದು. ಮೀಟರ್ ಬೇಕಿಲ್ಲ, ಆಗಲೇ ಗೊತ್ತಾಗಿಬಿಡುತ್ತದೆ. ಎಂಥ ಒಳ್ಳೆ ಪದ್ಧತಿ ಅಲ್ವಾ!

ಎರಡನೇ ಹಂತ ಆಯಾ ತುಕಡಿಯ ಮೆಕ್ಯಾನಿಕ್‌ಗಳದು. ಮೂರನೆಯದು ಸೇನೆಯ ಹಿಂದೆಯೇ ಸಾಗುವ ವರ್ಕ್‌ಶಾಪ್‌ಗಳದು, ನಾಲ್ಕನೆಯದು ಇನ್ನೂ ದೊಡ್ಡ ದುರಸ್ತಿ. ಐದನೆಯದರಲ್ಲಿ ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನಮ್ಮ ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್ ಹೆಸರಲ್ಲಿರುವ 'ಬೇಸ್' ಕೂಡ ಯುದ್ಧರಂಗದಿಂದ ದೂರ, ಹಿಂದೆ ಇರುವ ಇಂಥ ನೆಲೆಯೇ.

ಮೊದಲ ಹಂತ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಫ್ರಾನ್ಸಿನಲ್ಲಿ ಅಮೆರಿಕದ ಸೇನೆ ನಡೆಸಿದ ಲಾರಿ ಸಾಗಣೆ ರೆಡ್ ಬಾಲ್ ಎಕ್ಸ್‌ಪ್ರೆಸ್ ನೋಡಬೇಕು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ, ಮುಂದೆ ನುಗ್ಗುತ್ತಿದ್ದ ಸೇನೆಗೆ ಪೆಟ್ರೋಲು, ಮದ್ದುಗುಂಡು, ಊಟ ಸಾಗಿಸಲು ಲಾರಿಗಳು ಹಗಲೂ ರಾತ್ರಿ ಓಡಿದವು. ಬ್ಯಾಟರಿ ನೀರು ಒಣಗಿತು, ಆಯಿಲ್ ಇಲ್ಲದೆ ಎಂಜಿನ್ ಸುಟ್ಟಿತು, ಬೋಲ್ಟ್ ಸಡಿಲಾಗಿ ಡ್ರೈವ್ ಶಾಫ್ಟೇ ಕಳಚಿ ಬಿತ್ತು. ಡ್ರೈವರ್‌ಗಳಲ್ಲಿ ಹೆಚ್ಚಿನವರು ಕಪ್ಪು ಸೈನಿಕರು. ಅವರನ್ನು ದೂರುವುದು ಅನ್ಯಾಯ. ಮಿತಿ ಮೀರಿದ ಲೋಡ್, ಸರಿಯಾದ ನಿದ್ದೆಯಿಲ್ಲ, ಟೂಲ್ ಬಾಕ್ಸ್ ತೆಗೆಯೋಕೂ ಯಾರೂ ಅವರಿಗೆ ಹೊತ್ತು ಕೊಡಲಿಲ್ಲ.