ಆಟಿಸಂ ಹೋದ ಗುರುವಾರ ಶುರುವಾಗುವುದಿಲ್ಲ

"ಕೆನ್ನೆಗೆ ಹೊಡ್ಕೋತಾನೆ ಡಾಕ್ಟ್ರೇ. ಏನ್ಮಾಡೋದು, ಆಟಿಸಂ ಅಲ್ವಾ?"

ಈ "ಆಟಿಸಂ ಅಲ್ವಾ" ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಪ್ಪ ಅಮ್ಮನ ಮೇಲಲ್ಲ, ಅವರಿಗೆ ಆ ಮಾತು ಕಲಿಸಿದ ನಮ್ಮಂಥವರ ಮೇಲೆ.

ಹುಡುಗನಿಗೆ ಒಂಬತ್ತು ವರ್ಷ, ಮಾತಿಲ್ಲ. ಐದು ವಾರದಿಂದ ಬಲಗೆನ್ನೆಗೆ ಹೊಡೆದುಕೊಳ್ಳುತ್ತಿದ್ದ, ರಾತ್ರಿ ಎದ್ದು ಅಳುತ್ತಿದ್ದ. ಅಷ್ಟರಲ್ಲಿ ಒಬ್ಬ ಡಾಕ್ಟರು ರಿಸ್ಪೆರಿಡೋನ್ (ಸಿಟ್ಟು, ರೇಗಾಟ ತಗ್ಗಿಸಲು ಕೊಡುವ ಔಷಧಿ) ಡೋಸ್ ಏರಿಸಿದ್ದರು. ಥೆರಪಿಯಲ್ಲಿ, ಹೊಡೆದುಕೊಳ್ಳದ ದಿನಕ್ಕೊಂದು ಸ್ಟಾರ್ ಸ್ಟಿಕ್ಕರ್. ಅಪ್ಪ ಅಮ್ಮ ಮಾತು ಮುಗಿಸಿದ ಮೇಲೆ ಮೂಲೆಯಲ್ಲಿದ್ದ ಅಜ್ಜಿ ಮೆಲ್ಲಗೆ ಹೇಳಿದರು: "ಕೋಡುಬಳೆ ಅಂದ್ರೆ ಪ್ರಾಣ ಇವನಿಗೆ. ಈಗ ಹಾಲಲ್ಲಿ ಅದ್ದಿ, ಮೆತ್ತಗೆ ಮಾಡ್ಕೊಂಡು ತಿಂತಾನೆ." ಮನೆಯವರು ಅದನ್ನೂ ಹೊಸ ಹಟ ಅಂದುಕೊಂಡಿದ್ದರಂತೆ. ಅವನನ್ನು ಅಮ್ಮನ ತೊಡೆ ಮೇಲೆ ಮಲಗಿಸಿ ಬಾಯಿಗೆ ಟಾರ್ಚ್ ಬಿಡಲು ಇಪ್ಪತ್ತು ನಿಮಿಷ ಬೇಕಾಯಿತು. ಬಲಗಡೆ ಕೆಳಗಿನ ದವಡೆ ಹಲ್ಲು ಪೂರ್ತಿ ಹುಳುಕು. ಒಸಡಲ್ಲಿ ಕೀವು.

ನಾನು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಇದು ಯಾವಾಗಿಂದ? "ಮೊದಲಿಂದಲೂ ಹೀಗೇ" ಅನ್ನುತ್ತಾರೆ. ಮೊದಲಿಂದ ಅಂದರೆ? ದೀಪಾವಳಿಯಲ್ಲಿ ಹೊಡ್ಕೋತಿದ್ನಾ? ಶಾಲೆ ಶುರುವಾದಾಗ? ಸ್ವಲ್ಪ ಯೋಚಿಸಿ, "ಇಲ್ಲ, ಆಗ ಇರಲಿಲ್ಲ" ಅನ್ನುತ್ತಾರೆ. ಹಾಗಾದರೆ ಅದು ಆಟಿಸಂ ಅಲ್ಲ ಅಂತಲೇ ಹಿಡಿದು ಹುಡುಕಲು ಶುರು ಮಾಡಬೇಕು. ಎರಡನೇ ವಯಸ್ಸಿನಿಂದ ಕೈ ಬಡಿಯುವುದು ಆಟಿಸಂ ಇರಬಹುದು. ಹೋದ ಗುರುವಾರದಿಂದ ತಲೆ ಚಚ್ಚಿಕೊಳ್ಳುವ ಮಗು ಏನೋ ಹೇಳುತ್ತಿದೆ. ಎಲ್ಲ ಸಲವೂ ದೇಹದ ತೊಂದರೆಯೇ ಇರುತ್ತದೆ ಅಂತ ಹೇಳಲಾರೆ. ಟೀಚರ್ ಬದಲಾಗಿರಬಹುದು, ಪಕ್ಕದ ಮನೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಓಡುತ್ತಿರಬಹುದು. ಆದರೆ ಮೊದಲು ಹಲ್ಲು, ಕಿವಿ, ಗಂಟಲು, ಹೊಟ್ಟೆ ನೋಡಿ. ಡೋಸ್ ಆಮೇಲೆ.

"ಇವರಿಗೆ ನೋವೇ ಗೊತ್ತಾಗಲ್ಲ" ಅನ್ನುವವರೂ ಇದ್ದಾರೆ. ಗೊತ್ತಾಗುತ್ತದೆ. ಹೇಳುವ ರೀತಿ ಬೇರೆ, ಅಷ್ಟೇ. ಹೊಟ್ಟೆ ನೋವಿಗೆ ಅಳದೆ ಮೇಜಿನ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುವ ಮಕ್ಕಳನ್ನು ನೋಡಿದ್ದೇನೆ.

ಹೊಟ್ಟೆಯ ವಿಷಯ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಮಲಬದ್ಧತೆ ಇದೆಯಾ ಅಂದರೆ "ಇಲ್ಲ, ದಿನಾ ಹೋಗ್ತಾನೆ, ಭೇದಿ ಥರ, ಚಡ್ಡಿಯಲ್ಲೇ ಆಗುತ್ತೆ" ಅನ್ನುತ್ತಾರೆ. ಎಷ್ಟೋ ಸಲ ಮಲಬದ್ಧತೆಯ ಗುರುತೇ ಅದು. ಒಳಗೆ ಗಟ್ಟಿ ಮಲ ತುಂಬಿ ನಿಂತಿರುತ್ತದೆ, ಅದರ ಪಕ್ಕದಿಂದ ನೀರು ಮಲ ಸೋರುತ್ತದೆ. ಅದಕ್ಕೆ ಭೇದಿ ನಿಲ್ಲುವ ಔಷಧಿ ಕೊಟ್ಟರೆ ಏನಾಗುತ್ತದೆ, ನೀವೇ ಯೋಚಿಸಿ. ಒಳಗಿರುವುದನ್ನು ಹೊರಗೆ ತರಿಸಿ, ಆಮೇಲೂ ತಿಂಗಳುಗಟ್ಟಲೆ ಔಷಧಿ ಬೇಕಾಗಬಹುದು. ಎರಡು ದಿನ ಸರಿಹೋದ ಕೂಡಲೇ ನಿಲ್ಲಿಸಿ ಮತ್ತೆ ಬರುತ್ತಾರೆ. ಬೈದಿದ್ದೇನೆ, ಆದರೂ ನಿಲ್ಲಿಸುತ್ತಾರೆ.

ದೇಹದ ತೊಂದರೆಯನ್ನೂ ಆಟಿಸಂ ಲೆಕ್ಕಕ್ಕೇ ಹಾಕುವ ಈ ತಪ್ಪು ಹೊಸದೇನಲ್ಲ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ ಅವರಲ್ಲಿ ಹಲವರಿಗೆ ಎಳವೆಯಲ್ಲಿ ಊಟದ ತೊಂದರೆ ಇತ್ತು. ಹೊರಗಿನದು ಒಳಗೆ ಬರುವುದು ಮಗುವಿಗೆ ಬೇಡ, ಅದಕ್ಕೇ ಊಟವನ್ನೂ ದೂರ ತಳ್ಳುತ್ತದೆ ಅಂತ ಆತ ಅರ್ಥ ಮಾಡಿಕೊಂಡ. ಅತ್ತ 1998ರಲ್ಲಿ ಬ್ರಿಟನ್ನಿನ ಡಾಕ್ಟರ್ ವೇಕ್‌ಫೀಲ್ಡ್ ಹೊಟ್ಟೆ, ಲಸಿಕೆ, ಆಟಿಸಂ ಮೂರನ್ನೂ ಗಂಟು ಹಾಕಿ ಬರೆದ. ಅದನ್ನು ಅಚ್ಚು ಹಾಕಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಆ ಲೇಖನವನ್ನು ತಪ್ಪು ಅಂತ 2010ರಲ್ಲಿ ವಾಪಸ್ ಪಡೆಯಿತು. ಆ ಗಲಾಟೆಯಲ್ಲಿ ಸುಮ್ನೆ ಹೊಟ್ಟೆ ನೋಯುವ ಮಗುವಿನ ಮಾತು ಹಿಂದೆ ಸರಿಯಿತು. ಒಂದು ಸ್ಪಷ್ಟನೆ: ಹೊಟ್ಟೆ ಸರಿ ಮಾಡಿದರೆ ಆಟಿಸಂ ಹೋಗುವುದಿಲ್ಲ. ಹೊಟ್ಟೆ ನೋವು ಹೋಗುತ್ತದೆ. ಅದು ಸಾಲದೇ? ಗೋಧಿ ಬಿಡಿಸಿ, ಹಾಲು ಬಿಡಿಸಿ ಅನ್ನುವವರ ಮಾತಿಗೆ ಮೊದಲೇ ಮೂರೇ ಪದಾರ್ಥ ತಿನ್ನುವ ಮಗುವಿನ ತಟ್ಟೆಯಿಂದ ಎರಡನ್ನು ಕಿತ್ತುಕೊಳ್ಳಬೇಡಿ.

ಆ ಮೂರು ಪದಾರ್ಥವೂ ತೊಂದರೆ ಕೊಡಬಹುದು, ನಿಜ. ದಿನಕ್ಕೆ ಲೀಟರ್ ಹಾಲು ಕುಡಿದು ಬೇರೇನೂ ತಿನ್ನದಿದ್ದರೆ ಕಬ್ಬಿಣದಂಶ ಕಡಿಮೆಯಾಗುತ್ತದೆ, ನಿದ್ದೆಯೂ ಕೆಡಬಹುದು. ಹಣ್ಣು ತರಕಾರಿ ಮುಟ್ಟದ ಮಗು ಇದ್ದಕ್ಕಿದ್ದಂತೆ ನಡೆಯಲು ಒಲ್ಲೆ ಅಂದರೆ, ಒಸಡಿನಲ್ಲಿ ರಕ್ತ ಬಂದರೆ, ಸಿ ವಿಟಮಿನ್ ಕೊರತೆ ಇದೆಯಾ ಅಂತ ನೋಡಬೇಕು. ಹುಡುಗಿಯರಾದರೆ ಮುಟ್ಟಿನ ದಿನ ಬರೆದಿಡಿ, ರಂಪ ಆ ದಿನಗಳಲ್ಲೇ ಜಾಸ್ತಿಯಾ ಅಂತ ಗೊತ್ತಾಗುತ್ತದೆ. ಎಲ್ಲೋ ನೋಡುತ್ತಾ ಕಲ್ಲಿನಂತೆ ನಿಂತುಬಿಟ್ಟರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ತನ್ನಿ, ಫಿಟ್ಸ್ ಇರಬಹುದು. ಆಟಿಸಂ ಇರುವವರಲ್ಲಿ ಅದು ಜಾಸ್ತಿ, ಹದಿಹರೆಯದಲ್ಲಿ ಹೊಸದಾಗಿ ಶುರುವಾಗುವುದೂ ಉಂಟು.

ಆ ಹುಡುಗನಿಗೆ ಅರಿವಳಿಕೆ ಕೊಟ್ಟೇ ಹಲ್ಲು ಕೀಳಬೇಕಾಯಿತು. ವಾರದಲ್ಲಿ ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ಏರಿಸಿದ್ದ ಡೋಸ್ ನಿಧಾನಕ್ಕೆ ಇಳಿಸಿದೆವು. ಮುಂದಿನ ಸಲ ಬಂದಾಗ ಅಜ್ಜಿ ಡಬ್ಬಿ ತಂದಿದ್ದರು, ನನಗಂತ. ಅದನ್ನು ಅವನೇ ತೆಗೆದು ನನ್ನ ಮೇಜಿನ ಕೆಳಗೆ ಕೂತು ಕಟುಂ ಕಟುಂ ಅಂತ ಖಾಲಿ ಮಾಡಿದ.