ದಾನಕ್ಕಾಗಿ ಹಾಡಿದ ಹಾಡು ಹಿಡಿಸದಿದ್ದರೆ ತಪ್ಪೇ?

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನಮ್ಮ ಕಚೇರಿಯಲ್ಲಿ ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಹಾಡು ಹಾಕುತ್ತಾರೆ. ರಾಗ ಚೆನ್ನಾಗಿದೆ, ಮಾತು ಮಾತ್ರ ಕಿರಿಕಿರಿ ಎನಿಸುತ್ತದೆ. ಹಸಿದವರಿಗಾಗಿ ಹಣ ಕೂಡಿಸಿದ ಹಾಡಿನಲ್ಲಿ ಹುಳುಕು ಹುಡುಕುವುದು ನನ್ನ ಸಣ್ಣತನವೇ?

ಅಲ್ಲ. ಅನ್ನ ಇಕ್ಕಿದವರಿಗೆ ಕೈಮುಗಿದ ಮೇಲೂ, ಬಡಿಸುವಾಗ ಆಡಿದ ಮಾತು ಸರಿಯಿರಲಿಲ್ಲ ಎನ್ನಬಹುದು.

ಮೊದಲು ಕೈಮುಗಿಯೋಣ. 1984ರ ಅಕ್ಟೋಬರ್‌ನಲ್ಲಿ ಇಥಿಯೋಪಿಯಾದ ಕೊರೆಮ್‌ನಿಂದ ಬಿಬಿಸಿ ತೋರಿಸಿದ ಕ್ಷಾಮದ ದೃಶ್ಯಗಳಿಂದ ಕಲಕಿಹೋದ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಇನ್ನೊಬ್ಬ ಗಾಯಕ ಮಿಜ್ ಯೂರ್ ಜೊತೆ ಕೂತು ಈ ಹಾಡು ಕಟ್ಟಿದರು. ನವೆಂಬರ್ 25ರಂದು ಆ ಕಾಲದ ತಾರೆಯರು ಲಂಡನ್ನಿನಲ್ಲಿ ಸೇರಿ ಹಾಡಿದರು. ಬ್ರಿಟನ್ನಿನಲ್ಲೇ 30 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು, ವರ್ಷದೊಳಗೆ ಸುಮಾರು 80 ಲಕ್ಷ ಪೌಂಡ್ ಕೂಡಿತು.

ಇನ್ನು ಮಾತಿನ ವಿಷಯ. ಕ್ರಿಸ್‌ಮಸ್ ಬಂದದ್ದು ಅವರಿಗೆ ಗೊತ್ತೇ ಎಂದು ಹಾಡು ಕೇಳುತ್ತದೆ. ಯಾರ ಬಗ್ಗೆ? 4ನೇ ಶತಮಾನದಲ್ಲೇ, ಎಜಾನಾ ದೊರೆಯ ಕಾಲದಲ್ಲಿ, ಕ್ರೈಸ್ತಧರ್ಮ ಒಪ್ಪಿಕೊಂಡ ನಾಡಿನವರ ಬಗ್ಗೆ. ಪೋಪ್ ಕಳಿಸಿದ ಅಗಸ್ಟೀನ್ ಇಂಗ್ಲೆಂಡಿನಲ್ಲಿ ಕಾಲಿಟ್ಟದ್ದು 597ರಲ್ಲಿ! ಇಥಿಯೋಪಿಯಾದವರ ಕ್ರಿಸ್‌ಮಸ್‌ಗೆ ಗೆನ್ನಾ ಎಂದು ಹೆಸರು, ಬರುವುದು ಜನವರಿ 7ಕ್ಕೆ. ಕ್ಷಾಮದಲ್ಲಿ ಬೆಂದ ವೊಲ್ಲೋ ಪ್ರಾಂತ್ಯದಲ್ಲೇ ಲಾಲಿಬೆಲಾ ಎಂಬ ಯಾತ್ರಾಸ್ಥಳ ಇತ್ತು. ಅಲ್ಲಿನ ಹನ್ನೊಂದು ಚರ್ಚುಗಳು ಕಲ್ಲು ಜೋಡಿಸಿ ಕಟ್ಟಿದವಲ್ಲ, ಬಂಡೆ ಕೊರೆದು ಬಿಡಿಸಿದವು. ರಾಷ್ಟ್ರಕೂಟರ ಎಲ್ಲೋರದ ಕೈಲಾಸ ಕಂಡವರಿಗೆ ಆ ಕೆಲಸದ ಅಂದಾಜು ಸಿಕ್ಕೀತು. ಗೆನ್ನಾ ಬಂತೆಂದರೆ ಬಿಳಿ ಹತ್ತಿಯ ಶಾಲು ಹೊದ್ದ ಯಾತ್ರಿಕರು ಬಂಡೆಯ ಅಂಚಿನುದ್ದಕ್ಕೂ ನೆರೆಯುತ್ತಾರೆ. ಪಾದ್ರಿಗಳು ಡೋಲಿನ ಬಡಿತಕ್ಕೆ ತೂಗುತ್ತ ಹಾಡುತ್ತಾರೆ.

ಆಫ್ರಿಕಾದಲ್ಲಿ ಹಿಮ ಬೀಳದು ಎಂಬ ಮರುಕವೂ ಇದೆ. ಹಾಗೆ ಮರುಗುವುದಾದರೆ ಮಂಗಳೂರಿನವರಿಗೂ ಮರುಗಬೇಕಾದೀತು. ಏನೂ ಬೆಳೆಯದ, ನದಿಯೇ ಹರಿಯದ ನೆಲವಂತೆ! ಈಜಿಪ್ಟ್ ಮುಟ್ಟುವ ನೈಲ್ ನೀರಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಇಳಿದುಬರುವುದು ಇದೇ ಇಥಿಯೋಪಿಯಾದ ಬೆಟ್ಟಗಳಿಂದ.

ನನ್ನ ಮುಖ್ಯ ತಕರಾರು ಇವುಗಳಲ್ಲ, ಹಾಡು ಹೇಳದೆ ಬಿಟ್ಟ ಸಂಗತಿ. ಮಳೆ ಕೈಕೊಟ್ಟದ್ದು ನಿಜ. ಆದರೆ ಆಗ ಇಥಿಯೋಪಿಯಾ ಆಳುತ್ತಿದ್ದ ಮೆಂಗಿಸ್ಟು ಹೈಲೆ ಮರಿಯಂ ಸರ್ಕಾರ ಉತ್ತರದ ಬಂಡುಕೋರರೊಡನೆ ಯುದ್ಧದಲ್ಲಿತ್ತು, ಅವರ ಹಿಡಿತದ ಪ್ರದೇಶಗಳಿಗೆ ಧಾನ್ಯ ತಲುಪದಂತೆ ತಡೆಯುತ್ತಿತ್ತು. ಜನ ಸಾಯುತ್ತಿದ್ದ ಆ ಸೆಪ್ಟೆಂಬರ್‌ನಲ್ಲೇ ತನ್ನನ್ನು ಅಧಿಕಾರಕ್ಕೆ ತಂದ ಕ್ರಾಂತಿಯ ಹತ್ತನೇ ವರ್ಷವನ್ನು ಅದ್ದೂರಿಯಾಗಿ ಆಚರಿಸಿತು. ಹಾಡಿನಲ್ಲಿ ಬರವಿದೆ, ಆಳುವವರಿಲ್ಲ.

ಆ ಗತಿ ನಿಮಗಲ್ಲ, ಅವರಿಗೆ ಬಂತಲ್ಲ, ದೇವರಿಗೆ ವಂದನೆ ಎಂಬರ್ಥದ ಸಾಲು ಯು2 ತಂಡದ ಗಾಯಕ ಬೋನೋ ಪಾಲಿಗೆ ಬಂದಿತ್ತು. ಹಾಡಲು ಅವರೂ ಹಿಂಜರಿದಿದ್ದರು. ಕೇಳುಗರನ್ನು ಚುಚ್ಚಲೆಂದೇ ಬರೆದದ್ದು ಎನ್ನುವವರಿದ್ದಾರೆ. ಇರಬಹುದು, ಆದರೆ ಪಾನೀಯ ಹಿಡಿದು ಗುನುಗುವ ಕಚೇರಿಯಲ್ಲಿ ಆ ಮೊನೆ ಯಾರಿಗೂ ತಾಗುವುದಿಲ್ಲ. 2014ರಲ್ಲಿ ಎಬೋಲಾ ಪರಿಹಾರಕ್ಕಾಗಿ ಮತ್ತೆ ಹಾಡಿದಾಗ ಆ ಸಾಲನ್ನು ಬದಲಿಸಿದರು. ಘಾನಾ ಮೂಲದ ಗಾಯಕ ಫ್ಯೂಸ್ ಓಡಿಜಿ ಆಹ್ವಾನ ಬಂದರೂ ಹಾಡಲಿಲ್ಲ. ಶೀರ್ಷಿಕೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ಡಿಸೆಂಬರ್‌ನಲ್ಲಿ ಅದು ಮೊಳಗಿದಾಗ ಪಕ್ಕದವರಿಗೆ ಹೇಳಿ: ಗೊತ್ತು, ಜನವರಿ 7ಕ್ಕೆ.